ಮಾಹಿತಿ ವ್ಯವಸ್ಥೆಗಳಲ್ಲಿ ಪ್ರಕರಣ ಅಧ್ಯಯನ

ಮಾಹಿತಿ ವ್ಯವಸ್ಥೆಗಳಲ್ಲಿ ಪ್ರಕರಣ ಅಧ್ಯಯನ ಎಂಬುದು ಒಂದು ಕಂಪನಿ, ಸರ್ಕಾರಿ ಇಲಾಖೆ ಅಥವಾ ಇತರ ಸಂಸ್ಥೆಯು ಗಣಕೀಕೃತ ವ್ಯವಸ್ಥೆಯೊಂದನ್ನು ಹೇಗೆ ಆಯ್ದುಕೊಂಡಿತು, ಕಟ್ಟಿತು, ಬಳಸಿತು ಅಥವಾ ಕೈಬಿಟ್ಟಿತು ಎಂಬುದನ್ನು ಅದರ ಸಹಜ ಪರಿಸರದಲ್ಲಿಯೇ ಆಳವಾಗಿ ಪರಿಶೀಲಿಸುವ ವಿಧಾನ. ಕೇಸ್ ಸ್ಟಡಿ ಎಂಬ ಹೆಸರೂ ಬಳಕೆಯಲ್ಲಿದೆ. ಮಾಹಿತಿ ವ್ಯವಸ್ಥೆ ಎಂಬಲ್ಲಿ ಯಂತ್ರ ಮತ್ತು ತಂತ್ರಾಂಶಗಳಷ್ಟೇ ಅಲ್ಲದೆ ಅವುಗಳನ್ನು ಬಳಸುವ ಜನರು, ಕೆಲಸದ ಕ್ರಮ ಮತ್ತು ಅಧಿಕಾರದ ಹಂಚಿಕೆಯೂ ಸೇರುತ್ತವೆ. ಇವೆಲ್ಲವನ್ನೂ ಪ್ರಯೋಗಾಲಯದಲ್ಲಿ ಮರುಸೃಷ್ಟಿಸುವುದು ಕಷ್ಟ. ಪ್ರಶ್ನಾವಳಿಯೊಂದರಿಂದ ತಿಳಿಯಬಹುದಾದುದೂ ಅಲ್ಪ. ಆದ್ದರಿಂದ ಈ ಶಾಸ್ತ್ರದಲ್ಲಿ ಪ್ರಕರಣ ಅಧ್ಯಯನಕ್ಕೆ ವಿಶೇಷ ಸ್ಥಾನವಿದೆ.

ಒಂದೇ ಹೆಸರಿನಡಿಯಲ್ಲಿ ಎರಡು ಭಿನ್ನ ಬಗೆಯ ಬರಹಗಳು ಪ್ರಚಲಿತವಾಗಿವೆ. ಬೋಧನಾ ಪ್ರಕರಣವು ತರಗತಿಯ ಚರ್ಚೆಗಾಗಿ ಬರೆದದ್ದು. ಅದು ಸಾಮಾನ್ಯವಾಗಿ ನಿರ್ಧಾರವೊಂದರ ಹೊಸ್ತಿಲಲ್ಲಿ ನಿಲ್ಲುತ್ತದೆ ಮತ್ತು ಉತ್ತರವನ್ನು ವಿದ್ಯಾರ್ಥಿಗೆ ಬಿಡುತ್ತದೆ. ಸಂಶೋಧನಾ ಪ್ರಕರಣವಾದರೋ ಒಂದು ಪ್ರಶ್ನೆಗೆ ಪುರಾವೆಯ ಆಧಾರದ ಮೇಲೆ ಉತ್ತರ ನೀಡಲೇಬೇಕು, ಪುರಾವೆ ಎಲ್ಲಿಂದ ಬಂತೆಂಬುದನ್ನೂ ತೋರಿಸಬೇಕು. ಮೊದಲನೆಯದನ್ನು ಎರಡನೆಯದೆಂದು ಭಾವಿಸಿ ಉಲ್ಲೇಖಿಸುವುದು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ.

ಬೋಧನೆಯಲ್ಲಿ

ಪ್ರಕರಣಗಳ ಮೂಲಕ ಪಾಠ ಹೇಳುವ ಕ್ರಮ ಮೊದಲು ರೂಪುಗೊಂಡದ್ದು ಕಾನೂನು ಶಿಕ್ಷಣದಲ್ಲಿ. ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ 1870ರಲ್ಲಿ ನ್ಯಾಯಾಲಯದ ತೀರ್ಪುಗಳನ್ನೇ ಪಠ್ಯವಾಗಿ ಬಳಸತೊಡಗಿದರು. 1908ರಲ್ಲಿ ಸ್ಥಾಪನೆಯಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ಗೆ 1919ರಲ್ಲಿ ಡೀನ್ ಆದ ವಾಲೇಸ್ ಡೊನಮ್ ಕಾನೂನು ಓದಿದ್ದವರು. ಅವರು ಇದೇ ಕ್ರಮವನ್ನು ವ್ಯವಹಾರ ಶಿಕ್ಷಣಕ್ಕೆ ವಿಸ್ತರಿಸಿದರು. ಆದರೆ ನ್ಯಾಯಾಲಯದ ತೀರ್ಪುಗಳಂತೆ ಕಂಪನಿಗಳ ನಿರ್ಧಾರಗಳು ಮುದ್ರಿತವಾಗಿ ದೊರೆಯುತ್ತಿರಲಿಲ್ಲ. ಅವುಗಳನ್ನು ಯಾರಾದರೂ ಕಂಪನಿಗೆ ಹೋಗಿ ಕೇಳಿ ಬರೆಯಬೇಕಾಗಿತ್ತು. 1921ರ ‘ಜನರಲ್ ಶೂ ಕಂಪನಿ’ ಆ ಶಾಲೆಯ ಮೊದಲ ಲಿಖಿತ ಪ್ರಕರಣವೆನಿಸಿದೆ. ಭಾರತದಲ್ಲಿ 1961ರಲ್ಲಿ ಆರಂಭವಾದ ಅಹಮದಾಬಾದಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯು ಹಾರ್ವರ್ಡ್‌ನ ಸಹಯೋಗದೊಂದಿಗೆ ಈ ಪದ್ಧತಿಯನ್ನು ರೂಢಿಗೆ ತಂದಿತು.

ಮಾಹಿತಿ ವ್ಯವಸ್ಥೆಗಳ ತರಗತಿಗಳಲ್ಲಿ ದೀರ್ಘಕಾಲ ಬಳಕೆಯಲ್ಲಿರುವ ಉದಾಹರಣೆ ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಕೂಡಿ ರೂಪಿಸಿದ ‘ಸೇಬರ್’ ಮುಂಗಡ ಟಿಕೆಟ್ ವ್ಯವಸ್ಥೆ. ತಂತ್ರಜ್ಞಾನದಿಂದ ಪ್ರತಿಸ್ಪರ್ಧಿಗಳ ಮೇಲೆ ಮೇಲುಗೈ ಸಾಧಿಸಬಹುದು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಮಂಡಿಸಲಾಗುತ್ತಿತ್ತು. ಅಂತಹ ಮೇಲುಗೈಯ ಕಾಲ ಮುಗಿಯುತ್ತಿದೆ ಎಂದು ಅದೇ ಕಂಪನಿಯ ಅಧಿಕಾರಿ ಮ್ಯಾಕ್ಸ್ ಹಾಪರ್ 1990ರಲ್ಲಿಯೇ ಬರೆದರೂ, ಪಠ್ಯಪುಸ್ತಕಗಳಲ್ಲಿ ಸೇಬರ್‌ನ ಗೆಲುವಿನ ಕಥೆ ಬಹುಕಾಲ ಹಾಗೆಯೇ ಉಳಿಯಿತು. ಸೋಲಿನ ಬದಿಯಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು ಅಮೆರಿಕದ ಚಾಕೊಲೇಟ್ ತಯಾರಕ ಹರ್ಷೀಸ್ ಕಂಪನಿಯ ಪ್ರಕರಣ. 1999ರಲ್ಲಿ ಸುಮಾರು 11.2 ಕೋಟಿ ಡಾಲರ್ ವೆಚ್ಚದ ಹೊಸ ಉದ್ಯಮ ತಂತ್ರಾಂಶಕ್ಕೆ ಬದಲಾದ ಸಮಯದಲ್ಲಿ, ಹ್ಯಾಲೋವೀನ್ ಹಬ್ಬದ ಬೇಡಿಕೆಯ ಕಾಲಕ್ಕೆ ಸರಿಯಾಗಿ, ಗೋದಾಮಿನಲ್ಲಿ ಸರಕಿದ್ದರೂ ಅಂಗಡಿಗಳಿಗೆ ತಲುಪಿಸಲಾಗಲಿಲ್ಲ.

ಬೋಧನಾ ಪ್ರಕರಣಗಳು ಮುಖ್ಯವಾಗಿ ಎರಡು ಮೂಲಗಳಿಂದ ಸಿದ್ಧವಾಗುತ್ತವೆ. ಕೆಲವನ್ನು ಲೇಖಕರು ಕಂಪನಿಯೊಳಗೆ ಹೋಗಿ, ಸಂದರ್ಶನ ನಡೆಸಿ ಬರೆಯುತ್ತಾರೆ. ಉಳಿದವು ಪತ್ರಿಕಾ ವರದಿ, ವಾರ್ಷಿಕ ವರದಿ ಮೊದಲಾದ ಪ್ರಕಟಿತ ಸಾಮಗ್ರಿಯಿಂದ ಹೊಮ್ಮುತ್ತವೆ. ಪ್ರಕರಣದೊಂದಿಗೆ ಅಧ್ಯಾಪಕರಿಗೆ ಮಾತ್ರ ಒದಗಿಸುವ ಬೋಧನಾ ಟಿಪ್ಪಣಿಯೂ ಇರುತ್ತದೆ. 1973ರಲ್ಲಿ ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಆರಂಭವಾಗಿ ಈಗ ‘ದ ಕೇಸ್ ಸೆಂಟರ್’ ಎಂಬ ಹೆಸರಿನ ಸಂಸ್ಥೆಯು ಇವುಗಳ ವಿತರಣೆಯನ್ನು ನಿರ್ವಹಿಸುತ್ತದೆ. ಈ ಕ್ಷೇತ್ರದ ಬೋಧನಾ ಪ್ರಕರಣಗಳಿಗೆಂದೇ ‘ಜರ್ನಲ್ ಆಫ್ ಇನ್ಫರ್ಮೇಷನ್ ಟೆಕ್ನಾಲಜಿ ಟೀಚಿಂಗ್ ಕೇಸಸ್’ ಎಂಬ ನಿಯತಕಾಲಿಕವು 2011ರಿಂದ ಪ್ರಕಟವಾಗುತ್ತಿದೆ.

ಕಂಪನಿಯೊಳಗೆ ಹೋಗಿ ಬರೆದ ಪ್ರಕರಣವು ಸಾಮಾನ್ಯವಾಗಿ ಆ ಕಂಪನಿಯ ಲಿಖಿತ ಒಪ್ಪಿಗೆಯ ನಂತರವೇ ಹೊರಬರುತ್ತದೆ. ಒಪ್ಪಿಗೆ ನೀಡುವವರಿಗೆ ತಮ್ಮ ಸಂಸ್ಥೆ ಚೆನ್ನಾಗಿ ಕಾಣಬೇಕೆಂಬ ಆಸೆ ಸಹಜ. ಹಾರ್ವರ್ಡ್‌ನ ಪ್ರಕರಣಗಳ ಮೊದಲ ಪುಟದ ಅಡಿಯಲ್ಲಿ, ಇದು ತರಗತಿಯ ಚರ್ಚೆಗೆ ಮಾತ್ರ ಆಧಾರವೆಂದೂ, ಪ್ರಶಂಸೆಯಾಗಲಿ ಪ್ರಾಥಮಿಕ ದತ್ತಾಂಶವಾಗಲಿ ಸಮರ್ಥ ಅಥವಾ ಅಸಮರ್ಥ ಆಡಳಿತದ ನಿದರ್ಶನವಾಗಲಿ ಅಲ್ಲವೆಂದೂ ಸೂಚಿಸಲಾಗಿರುತ್ತದೆ. ಓದುಗರು ಬಹುಮಟ್ಟಿಗೆ ಲಕ್ಷ್ಯ ಕೊಡದ ಈ ಸಣ್ಣ ಅಕ್ಷರದ ಸಾಲುಗಳು ಬೋಧನಾ ಪ್ರಕರಣದ ಮಿತಿಯನ್ನು ಸ್ಪಷ್ಟವಾಗಿ ಹೇಳುತ್ತವೆ.

ಸಂಶೋಧನೆಯಲ್ಲಿ

1980ರ ದಶಕದವರೆಗೆ ಒಂದೇ ಕಂಪನಿಯನ್ನು ಆಧರಿಸಿದ ಅಧ್ಯಯನವನ್ನು ಅನೇಕ ವಿದ್ವಾಂಸರು ಪ್ರಾಥಮಿಕ ಹಂತದ ಶೋಧವೆಂದಷ್ಟೇ ಪರಿಗಣಿಸುತ್ತಿದ್ದರು. 1984ರಲ್ಲಿ ಪ್ರಕಟವಾದ ರಾಬರ್ಟ್ ಯಿನ್ ಅವರ ಕೈಪಿಡಿಯು ಪ್ರಕರಣ ಅಧ್ಯಯನಕ್ಕೂ ಕ್ರಮಬದ್ಧ ವಿನ್ಯಾಸ ಸಾಧ್ಯವೆಂದು ತೋರಿಸಿತು. 1987ರಲ್ಲಿ ಇಜಾಕ್ ಬೆನ್ಬಸಾಟ್, ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಮೆಲಿಸ್ಸಾ ಮೀಡ್ ‘ಎಂಐಎಸ್ ಕ್ವಾರ್ಟರ್ಲಿ’ ನಿಯತಕಾಲಿಕದಲ್ಲಿ ಈ ವಿಧಾನವನ್ನು ಮಾಹಿತಿ ವ್ಯವಸ್ಥೆಗಳ ಕ್ಷೇತ್ರಕ್ಕೆ ಅನ್ವಯಿಸಿ ವಿವರಿಸಿದರು. ‘ಹೇಗೆ’ ಮತ್ತು ‘ಏಕೆ’ ಎಂಬ ಪ್ರಶ್ನೆಗಳಿಗೆ, ವಿಶೇಷವಾಗಿ ಆಚರಣೆಯು ಸಿದ್ಧಾಂತಕ್ಕಿಂತ ಮುಂದೆ ಸಾಗಿರುವ ಕ್ಷೇತ್ರಗಳಲ್ಲಿ, ಈ ವಿಧಾನ ಸೂಕ್ತವೆಂಬುದು ಅವರ ವಾದ.

ಒಂದೇ ಪ್ರಕರಣದಿಂದ ಎಷ್ಟು ಹೇಳಬಹುದು ಎಂಬುದಕ್ಕೆ ಲಿನ್ ಮಾರ್ಕಸ್ ಅವರು 1983ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉತ್ತಮ ಮಾದರಿ. ‘ಗೋಲ್ಡನ್ ಟ್ರಯಾಂಗಲ್’ ಎಂಬ ಕಲ್ಪಿತ ಹೆಸರಿನ ದೊಡ್ಡ ಕಂಪನಿಯೊಂದರಲ್ಲಿ ಹೊಸ ಹಣಕಾಸು ಮಾಹಿತಿ ವ್ಯವಸ್ಥೆಯನ್ನು ಕೇಂದ್ರ ಕಚೇರಿಯ ಲೆಕ್ಕಿಗರು ಮೆಚ್ಚಿದರು, ವಿಭಾಗಗಳ ಲೆಕ್ಕಿಗರು ವರ್ಷಗಟ್ಟಲೆ ವಿರೋಧಿಸಿದರು. ಇದಕ್ಕೆ ಮೂರು ವಿವರಣೆಗಳು ಸಾಧ್ಯವಿದ್ದವು. ವಿರೋಧಿಸಿದವರ ಸ್ವಭಾವವೇ ಹಾಗೆ ಎಂಬುದು ಒಂದು. ತಂತ್ರಾಂಶದಲ್ಲಿ ದೋಷವಿತ್ತು ಎಂಬುದು ಇನ್ನೊಂದು. ಮಾರ್ಕಸ್ ಮುಂದಿಟ್ಟದ್ದು ಮೂರನೆಯದು: ಹಿಂದೆ ವಿಭಾಗದ ಲೆಕ್ಕಿಗರು ತಮ್ಮ ಅಂಕಿಅಂಶಗಳನ್ನು ತಾವೇ ಇಟ್ಟುಕೊಂಡು ಸಾರಾಂಶವನ್ನಷ್ಟೇ ಮೇಲಕ್ಕೆ ಕಳುಹಿಸುತ್ತಿದ್ದರು. ಹೊಸ ವ್ಯವಸ್ಥೆಯಿಂದ ಆ ಅಂಕಿಅಂಶಗಳು ನೇರವಾಗಿ ಕೇಂದ್ರ ಕಚೇರಿಯ ಕೈಗೆ ಸಿಕ್ಕವು, ಅವುಗಳೊಂದಿಗೆ ಅಧಿಕಾರವೂ ಸ್ಥಳಾಂತರಗೊಂಡಿತು.

ಆರು ವರ್ಷಗಳ ನಂತರ ಅಲನ್ ಲೀ ಇದೇ ಅಧ್ಯಯನವನ್ನು ಮರಳಿ ಎತ್ತಿಕೊಂಡು ಅದರ ತರ್ಕವನ್ನು ಬಿಡಿಸಿ ತೋರಿಸಿದರು. ದೋಷ ಸ್ವಭಾವದ್ದಾಗಿದ್ದರೆ, ವ್ಯಕ್ತಿಯ ಹುದ್ದೆ ಬದಲಾದರೂ ನಿಲುವು ಬದಲಾಗಬಾರದು. ಆದರೆ ಅಲ್ಲಿ ನಿಲುವು ವ್ಯಕ್ತಿಯನ್ನಲ್ಲ, ಹುದ್ದೆಯನ್ನು ಅನುಸರಿಸಿತು. ದೋಷ ತಂತ್ರಾಂಶದ್ದಾಗಿದ್ದರೆ ಅದನ್ನು ಸರಿಪಡಿಸಿದ ಮೇಲೆ ವಿರೋಧ ನಿಲ್ಲಬೇಕಿತ್ತು, ಅದು ನಿಲ್ಲಲಿಲ್ಲ. ಪ್ರಯೋಗಾಲಯದ ನಿಯಂತ್ರಣವಿಲ್ಲದಿದ್ದರೂ, ಸಹಜವಾಗಿ ಸಂಭವಿಸಿದ ಬದಲಾವಣೆಗಳೇ ನಿಯಂತ್ರಣದ ಕೆಲಸ ಮಾಡಬಲ್ಲವು ಮತ್ತು ಒಂದು ಪ್ರಕರಣವೇ ಸ್ಪರ್ಧಿ ಸಿದ್ಧಾಂತಗಳನ್ನು ತಳ್ಳಿಹಾಕಬಲ್ಲುದು ಎಂಬುದು ಲೀ ಅವರ ತೀರ್ಮಾನ.

ಸಾಮಾನ್ಯೀಕರಣದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ‘ಒಂದು ಕಂಪನಿಯಲ್ಲಿ ನಡೆದದ್ದು ಉಳಿದವುಗಳಿಗೆ ಅನ್ವಯಿಸುತ್ತದೆಯೇ’ ಎಂಬ ಆಕ್ಷೇಪವು ಪ್ರಕರಣವನ್ನು ಸಮೀಕ್ಷೆಯ ಮಾದರಿಯಂತೆ ಎಣಿಸುತ್ತದೆ. ಯಿನ್ ಅವರ ಪ್ರಕಾರ ಪ್ರಕರಣದಿಂದ ಹೊರಡುವ ಸಾಮಾನ್ಯೀಕರಣವು ಜನಸಮುದಾಯದತ್ತ ಅಲ್ಲ, ಸಿದ್ಧಾಂತದತ್ತ. ಎಷ್ಟು ಕಂಪನಿಗಳಲ್ಲಿ ಲೆಕ್ಕಿಗರು ವಿರೋಧಿಸುತ್ತಾರೆ ಎಂಬುದನ್ನು ಮಾರ್ಕಸ್ ಹೇಳುವುದಿಲ್ಲ. ಅಧಿಕಾರದ ಹಂಚಿಕೆ ಬದಲಾದಲ್ಲಿ ವಿರೋಧವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಹೇಳುತ್ತಾರೆ. ಹಲವು ಪ್ರಕರಣಗಳನ್ನು ಹೋಲಿಸಿ ಸಿದ್ಧಾಂತ ಕಟ್ಟುವ ಕ್ರಮವನ್ನು ಕ್ಯಾಥ್ಲೀನ್ ಐಸನ್‌ಹಾರ್ಟ್ 1989ರಲ್ಲಿ ವಿವರಿಸಿದ್ದಾರೆ.

ಮೇಲಿನ ಚಿಂತನೆ ಬಹುಮಟ್ಟಿಗೆ ಪಾಸಿಟಿವಿಸ್ಟ್ ಎನ್ನಲಾಗುವ, ವಿಜ್ಞಾನದ ಮಾದರಿಯ ಪರಂಪರೆಗೆ ಸೇರಿದ್ದು. 1983ರಿಂದ 1988ರವರೆಗಿನ 155 ಸಂಶೋಧನಾ ಲೇಖನಗಳನ್ನು ಪರಿಶೀಲಿಸಿದ ವಾಂಡಾ ಓರ್ಲಿಕೋವ್ಸ್ಕಿ ಮತ್ತು ಜ್ಯಾಕ್ ಬರೂಡಿ, ಅವುಗಳಲ್ಲಿ ನೂರಕ್ಕೆ ಸುಮಾರು 97ರಷ್ಟು ಇದೇ ದೃಷ್ಟಿಯವೆಂದು 1991ರಲ್ಲಿ ತೋರಿಸಿದರು. ಇದಕ್ಕೆ ಪರ್ಯಾಯವಾದ ವ್ಯಾಖ್ಯಾನಾತ್ಮಕ ಪ್ರಕರಣ ಅಧ್ಯಯನವನ್ನು ಜೆಫ್ ವಾಲ್ಶಮ್ 1990ರ ದಶಕದಲ್ಲಿ ಬೆಳೆಸಿದರು; ವ್ಯವಸ್ಥೆಯು ತಮಗೆ ಏನೆಂದು ಅಲ್ಲಿನ ಜನರು ಅರ್ಥ ಮಾಡಿಕೊಳ್ಳುತ್ತಾರೆ ಎಂಬುದೇ ಇಲ್ಲಿ ಅಧ್ಯಯನದ ವಸ್ತು. ಹೈನ್ಸ್ ಕ್ಲೈನ್ ಮತ್ತು ಮೈಕಲ್ ಮೈಯರ್ಸ್ 1999ರಲ್ಲಿ ಇಂತಹ ಅಧ್ಯಯನಗಳಿಗೆ ಏಳು ತತ್ವಗಳನ್ನು ಸೂಚಿಸಿದರು. ಅವುಗಳಲ್ಲಿ ಕೊನೆಯದು ಶಂಕೆಯ ತತ್ವ, ಅಂದರೆ ಸಂದರ್ಶನದಲ್ಲಿ ಕೇಳಿದ ಕಥೆಯನ್ನು ಯಾರ ಹಿತಾಸಕ್ತಿ ರೂಪಿಸಿರಬಹುದು ಎಂದು ವಿಚಾರಿಸುವುದು.

ಮಾಹಿತಿಯ ಮೂಲ ಮತ್ತು ಪ್ರವೇಶದ ಸಮಸ್ಯೆ

ದಾಖಲೆ, ಕಡತ, ಸಂದರ್ಶನ, ನೇರ ವೀಕ್ಷಣೆ, ಕೆಲಸದಲ್ಲಿ ತಾನೇ ಭಾಗಿಯಾಗಿ ನೋಡುವುದು, ಭೌತಿಕ ವಸ್ತುಗಳು – ಈ ಆರು ಮೂಲಗಳನ್ನು ಯಿನ್ ಹೆಸರಿಸುತ್ತಾರೆ. ಒಂದು ಮೂಲದಲ್ಲಿ ಸಿಕ್ಕಿದ್ದನ್ನು ಇನ್ನೊಂದರಿಂದ ಪರೀಕ್ಷಿಸಬೇಕು. ಆದರೆ ಖಾಸಗಿ ಕಂಪನಿಯಲ್ಲಿ ಈ ಬಾಗಿಲುಗಳೆಲ್ಲವೂ ಆಡಳಿತದ ಅಪ್ಪಣೆಯಿಂದಲೇ ತೆರೆಯುತ್ತವೆ. ಯಶಸ್ಸಿನ ಬಗ್ಗೆ ಮಾತನಾಡಲು ಅಧಿಕಾರಿಗಳು ಸುಲಭವಾಗಿ ಸಿಗುತ್ತಾರೆ, ನಿಂತುಹೋದ ಯೋಜನೆಯ ಕಡತಗಳು ಸಿಗುವುದಿಲ್ಲ. ಪರಿಣಾಮವಾಗಿ, ವೈಫಲ್ಯದ ಅತ್ಯಂತ ವಿವರವಾದ ಪ್ರಕರಣಗಳಲ್ಲಿ ಹಲವು ಸಾರ್ವಜನಿಕ ಸಂಸ್ಥೆಗಳಿಂದ ಬಂದಿವೆ. ಏಕೆಂದರೆ ಅಲ್ಲಿ ತನಿಖೆ ನಡೆದು ವರದಿ ಪ್ರಕಟವಾಗುತ್ತದೆ.

ಲಂಡನ್ ಆಂಬುಲೆನ್ಸ್ ಸೇವೆಯ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ತುರ್ತು ಕರೆಗಳಿಗೆ ವಾಹನಗಳನ್ನು ಕಳುಹಿಸುವ ಗಣಕೀಕೃತ ವ್ಯವಸ್ಥೆ 1992ರ ಅಕ್ಟೋಬರ್ 26ರಂದು ಪೂರ್ಣವಾಗಿ ಚಾಲನೆಗೆ ಬಂದಿತು. ವಾಹನಗಳ ಸ್ಥಾನದ ಕುರಿತು ತಪ್ಪು ಮಾಹಿತಿ ಸೇರುತ್ತಾ ಹೋಗಿ, ಎಚ್ಚರಿಕೆ ಸಂದೇಶಗಳು ರಾಶಿಬಿದ್ದವು; ಆಂಬುಲೆನ್ಸ್ ಬಾರದವರು ಮತ್ತೆ ಮತ್ತೆ ಕರೆ ಮಾಡಿದ್ದರಿಂದ ಹೊರೆ ಇನ್ನೂ ಹೆಚ್ಚಿತು. ಮರುದಿನವೇ ಸೇವೆಯು ಭಾಗಶಃ ಹಳೆಯ ಕ್ರಮಕ್ಕೆ ಮರಳಬೇಕಾಯಿತು. ನವೆಂಬರ್ 4ರಂದು ವ್ಯವಸ್ಥೆ ಸಂಪೂರ್ಣವಾಗಿ ಸ್ಥಗಿತಗೊಂಡಿತು. ಪ್ರೋಗ್ರಾಮಿನಲ್ಲಿ ಉಳಿದುಹೋಗಿದ್ದ ಒಂದಿಷ್ಟು ಕೋಡ್, ಪ್ರತಿ ಬಾರಿಯೂ ಕಂಪ್ಯೂಟರಿನ ಸ್ಮೃತಿಯ ಸ್ವಲ್ಪ ಭಾಗವನ್ನು ಬಳಸಿ ಬಿಡುಗಡೆ ಮಾಡದೆ ಉಳಿಸಿಕೊಳ್ಳುತ್ತಿದ್ದುದು ಅದಕ್ಕೆ ಕಾರಣ. 1993ರ ಫೆಬ್ರವರಿಯ ತನಿಖಾ ವರದಿಯು ಅಕ್ಟೋಬರಿನ ಎರಡು ದಿನಗಳಲ್ಲಿ ಕಂಪ್ಯೂಟರ್ ತಾಂತ್ರಿಕ ಅರ್ಥದಲ್ಲಿ ವಿಫಲವಾಗಿರಲಿಲ್ಲ ಎಂದಿತು. ದೋಷವಿದ್ದುದು ವಿನ್ಯಾಸದಲ್ಲಿ, ಅವಸರದ ವೇಳಾಪಟ್ಟಿಯಲ್ಲಿ, ಸಾಲದ ತರಬೇತಿಯಲ್ಲಿ ಮತ್ತು ಸಿಬ್ಬಂದಿ–ಆಡಳಿತದ ನಡುವಿನ ಅಪನಂಬಿಕೆಯಲ್ಲಿ. ಪಾಲ್ ಬೆನನ್-ಡೇವಿಸ್ ಮೊದಲಾದವರು ಈ ವರದಿಯನ್ನು ಆಧರಿಸಿ ಬರೆದ ಪ್ರಕರಣಗಳು ಇಂದಿಗೂ ಪಠ್ಯಗಳಲ್ಲಿವೆ.

ಭೂಮಿ ಯೋಜನೆ: ಒಂದೇ ವ್ಯವಸ್ಥೆ, ಎರಡು ಪ್ರಕರಣಗಳು

ಯಾರನ್ನು ಕೇಳಲಾಯಿತು ಎಂಬುದರ ಮೇಲೆ ತೀರ್ಮಾನ ಎಷ್ಟು ಬದಲಾಗಬಹುದು ಎಂಬುದಕ್ಕೆ ಕರ್ನಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯ ಅಧ್ಯಯನಗಳು ಉದಾಹರಣೆಯಾಗಿವೆ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಈ ಯೋಜನೆಯಡಿ ಗಣಕೀಕರಿಸಲಾಯಿತು. ಅದಕ್ಕೂ ಮೊದಲು ಇವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಪಹಣಿ ಬೇಕಾದ ರೈತ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪ್ರತಿ ಪಡೆಯುವಂತಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡುವ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಅಹಮದಾಬಾದಿನ ಪ್ರಾಧ್ಯಾಪಕ ಸುಭಾಷ್ ಭಟ್ನಾಗರ್ ಅವರು, ಯೋಜನೆಯ ಹೊಣೆ ಹೊತ್ತಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರೊಂದಿಗೆ ಬರೆದ, ವಿಶ್ವ ಬ್ಯಾಂಕ್ ಮೂಲಕ ಪ್ರಸಾರವಾದ ಪ್ರಕರಣವು ಕಾಯುವ ಸಮಯ ಮತ್ತು ಲಂಚ ಕಡಿಮೆಯಾದುದನ್ನು ಮುಂದಿಟ್ಟಿತು. ಇ-ಆಡಳಿತದ ಪಾಠಗಳಲ್ಲಿ ಭೂಮಿ ಮಾದರಿಯಾದುದು ಈ ಬರಹದಂತಹವುಗಳಿಂದ.

2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಅಂಚಿನ ಪ್ರದೇಶಗಳಲ್ಲಿ ನಡೆಸಿದ ಅಧ್ಯಯನವು ಬೇರೆಯದೇ ಚಿತ್ರ ನೀಡಿತು. ಅವರು ಗಮನಿಸಿದ್ದು ಪಹಣಿಯ ಪ್ರತಿ ಪಡೆಯುವುದನ್ನಲ್ಲ, ಭೂಮಿಯ ವ್ಯವಹಾರವನ್ನು. ಅಲ್ಲಿ ಲಂಚವೂ ವಿಳಂಬವೂ ಹೆಚ್ಚಿದುವೆಂದೂ, ದಾಖಲೆಗಳು ಒಂದೆಡೆ ಸೇರಿದ್ದರಿಂದ ಭಾರಿ ಪ್ರಮಾಣದಲ್ಲಿ ಜಮೀನು ಹಿಡಿಯುವವರಿಗೆ ಅನುಕೂಲವಾಯಿತೆಂದೂ ಅವರು ವಾದಿಸಿದರು. ಎರಡೂ ಬರಹಗಳ ವಿಷಯ ಒಂದೇ ತಂತ್ರಾಂಶ. ಒಂದರ ಅಳತೆಗೋಲು ಕೇಂದ್ರದ ಕಿಟಕಿಯ ಬಳಿಯ ಸೇವೆ, ಇನ್ನೊಂದರದ್ದು ನಗರದ ಅಂಚಿನ ಭೂಮಾರುಕಟ್ಟೆ. ಗೋಲ್ಡನ್ ಟ್ರಯಾಂಗಲ್‌ನಲ್ಲಿ ಮಾರ್ಕಸ್ ಕಂಡದ್ದಕ್ಕೂ ಇಲ್ಲಿನ ಸಂಗತಿಗೂ ಹೋಲಿಕೆ ಇದೆ: ಚದುರಿದ್ದ ದಾಖಲೆ ಒಂದೆಡೆ ಸೇರಿದಾಗ ಅದರ ಮೇಲಿನ ಹಿಡಿತವೂ ಕೈ ಬದಲಾಯಿಸುತ್ತದೆ.

ಹೆಸರು ಮರೆಮಾಚುವಿಕೆ

ಕಂಪನಿ ಹಾಗೂ ವ್ಯಕ್ತಿಗಳ ನಿಜವಾದ ಹೆಸರನ್ನು ಮರೆಮಾಡುವುದು ಪ್ರವೇಶ ಪಡೆಯುವ ಸಾಮಾನ್ಯ ಮಾರ್ಗ. ಇದರಿಂದ ಕೆಳಹಂತದ ನೌಕರರು ನಿರ್ಭಯವಾಗಿ ಮಾತನಾಡಬಲ್ಲರು. ಆದರೆ ಹೆಸರನ್ನು ಬದಲಿಸುವುದಷ್ಟೇ ಸಾಲದು: ಉದ್ಯಮ, ಊರು, ವರ್ಷ ಮತ್ತು ತಂತ್ರಾಂಶದ ವಿವರಗಳು ಸೇರಿದರೆ ಆ ಕ್ಷೇತ್ರದ ಒಳಗಿನವರು ಕಂಪನಿಯನ್ನು ಗುರುತಿಸಬಲ್ಲರು, ಅಲ್ಲಿ ಆ ಹುದ್ದೆಯಲ್ಲಿ ಒಬ್ಬರೇ ಇದ್ದರೆ ವ್ಯಕ್ತಿಯನ್ನೂ ಗುರುತಿಸಬಲ್ಲರು. ವಿವರಗಳನ್ನು ತೆಗೆದಷ್ಟೂ ಓದುಗರು ಪುರಾವೆಯನ್ನು ಪರೀಕ್ಷಿಸುವ ದಾರಿ ಮುಚ್ಚುತ್ತದೆ. 1990ರಿಂದ 1999ರವರೆಗಿನ 183 ಪ್ರಕರಣಾಧಾರಿತ ಲೇಖನಗಳನ್ನು ಪರಿಶೀಲಿಸಿ 2003ರಲ್ಲಿ ವರದಿ ಮಾಡಿದ ಲಿನ್ ಡುಬೆ ಮತ್ತು ಗಿ ಪಾರೆ, ದತ್ತಾಂಶವನ್ನು ಹೇಗೆ ಸಂಗ್ರಹಿಸಿ ವಿಶ್ಲೇಷಿಸಲಾಯಿತು ಎಂಬ ವಿವರ ಅನೇಕ ಲೇಖನಗಳಲ್ಲಿ ಸಾಲದೆಂದು ಕಂಡುಕೊಂಡರು. ಕಂಪನಿಯ ಹೆಸರನ್ನು ಹೇಳಲಾಗದ ಕಡೆಯಲ್ಲಿಯೂ ಎಷ್ಟು ಜನರನ್ನು, ಯಾವ ಹಂತದವರನ್ನು, ಯಾವ ಅವಧಿಯಲ್ಲಿ ಸಂದರ್ಶಿಸಲಾಯಿತು ಎಂಬುದನ್ನು ತಿಳಿಸಲು ಅಡ್ಡಿಯಿರುವುದಿಲ್ಲ.