ನಿಂತ ನೆಲದಿಂದಲೇ ನೆಗೆದವನು

ಓಡಿಬಂದು ಜಿಗಿಯುವುದನ್ನು ನಾವೆಲ್ಲ ಬಲ್ಲೆವು. ನಿಂತಲ್ಲಿಂದಲೇ ಜಿಗಿಯುವುದೂ ಒಂದು ಕಾಲಕ್ಕೆ ಒಲಿಂಪಿಕ್ ಸ್ಪರ್ಧೆಯಾಗಿತ್ತೆಂಬುದನ್ನು ಇಂದು ಬಹುಮಂದಿ ಅರಿಯರು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಉದ್ದಜಿಗಿತ, ಎತ್ತರ ಜಿಗಿತ, ತ್ರಿವಿಧ ಜಿಗಿತ ಮೂರಕ್ಕೂ ಇಂತಹ ರೂಪವಿತ್ತು. ಸ್ಪರ್ಧಿಯು ಪಾದಗಳನ್ನು ನೆಲಕ್ಕೂರಿ, ಮೊಣಕಾಲು ಬಾಗಿಸಿ, ತೋಳು ಬೀಸಿ ನೆಗೆಯಬೇಕು. ಓಟದ ವೇಗದ ನೆರವು ಆತನಿಗಿಲ್ಲ.

ಜುಲೈ 16ರ ಒಂದೇ ದಿನ ಈ ಮೂರನ್ನೂ ಗೆದ್ದವನು ಅಮೆರಿಕದ ರೇ ಯೂರಿ. 1873ರಲ್ಲಿ ಇಂಡಿಯಾನಾದ ಲಾಫಾಯೆಟ್‌ನಲ್ಲಿ ಜನಿಸಿದ ಈತನಿಗೆ ಬಾಲ್ಯದಲ್ಲಿಯೇ ಪೋಲಿಯೋ ತಗುಲಿತ್ತು. ನಡೆದಾಡುವುದೇ ಸಂದೇಹವೆನಿಸಿದ್ದ ಬಾಲಕ, ಕಾಲಿಗೆ ಬಲ ಬರಲೆಂದು ಕೈಗೊಂಡ ವ್ಯಾಯಾಮವೇ ಜಿಗಿತ. ಅಶಕ್ತ ಮಗುವನ್ನು ಆಟದ ಅವಧಿಯಲ್ಲಿ ಮರದಡಿ ಕೂರಿಸಿ ಕರುಣೆ ತೋರಿದೆವೆಂದು ಭಾವಿಸುವ ಅಧ್ಯಾಪಕ ವರ್ಗಕ್ಕೆ ಸೇರಿದ ನಮಗೆ, ಆತನ ಪದಕಗಳಿಗಿಂತ ಈ ಸಂಗತಿಯೇ ಹಿರಿದೆನಿಸುತ್ತದೆ.

ಪದಕಗಳೇನೂ ಅಲ್ಪವಲ್ಲ. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮತ್ತೆ ಮೂರು, 1908ರಲ್ಲಿ ಲಂಡನ್‌ನಲ್ಲಿ ಎರಡು. ಒಟ್ಟು ಎಂಟೂ ಚಿನ್ನ. ಸೇಂಟ್ ಲೂಯಿಸ್‌ನಲ್ಲಿ ನಿಂತಲ್ಲಿಂದ ಜಿಗಿದ ದೂರ 3.47 ಮೀಟರು! 1906ರ ಅಥೆನ್ಸ್ ಕೂಟದ ಇನ್ನೆರಡು ಗೆಲುವುಗಳನ್ನು ಒಲಿಂಪಿಕ್ ಸಮಿತಿ ಲೆಕ್ಕಕ್ಕೆ ಹಿಡಿಯದು. ಗೆದ್ದದ್ದು ಗೆದ್ದದ್ದೇ ಎಂಬುದು ನಮ್ಮ ಅಭಿಪ್ರಾಯ.

ತ್ರಿವಿಧ ಜಿಗಿತದ ಈ ರೂಪ 1904ಕ್ಕೇ ನಿಂತಿತು. ಉಳಿದೆರಡು 1912ರ ಸ್ಟಾಕ್‌ಹೋಮ್ ಕೂಟದೊಡನೆ ಕೊನೆಗೊಂಡವು. ಆ ಬಾರಿ ಉದ್ದಜಿಗಿತವನ್ನು 3.37 ಮೀಟರಿಗೆ ಗೆದ್ದವನು ಗ್ರೀಸಿನ ಸಿಕ್ಲಿಟಿರಾಸ್. ಒಲಿಂಪಿಕ್ ಕೈಬಿಟ್ಟ ಈ ಜಿಗಿತ, ಕಾಲಿನ ಬಲದ ಅಳತೆಯಾಗಿ ಶಾಲಾ ಮೈದಾನಗಳಲ್ಲಿ ಇಂದಿಗೂ ಉಳಿದಿದೆ. ಅದಕ್ಕೆ ಬೇಕಾದುದು ಒಂದು ಗೆರೆ, ಒಂದು ಅಳತೆಪಟ್ಟಿ.