67 ಏಷ್ಯಾ: ಮದರಾಸಿನಲ್ಲಿ ಪತ್ತೆಯಾದ ಕ್ಷುದ್ರಗ್ರಹ

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುತ್ತಿರುವ ಲಕ್ಷಾಂತರ ಶಿಲಾಕಾಯಗಳ ವಲಯವನ್ನು ಕ್ಷುದ್ರಗ್ರಹಗಳ ಪ್ರಧಾನ ಪಟ್ಟಿ ಎನ್ನುತ್ತೇವೆ. ಈ ಸಮೂಹದಲ್ಲಿ 67ನೆಯ ಕ್ರಮಾಂಕ ಪಡೆದಿರುವ 'ಏಷ್ಯಾ' ನಮ್ಮ ಪಾಲಿಗೆ ವಿಶೇಷವಾದುದು. ಏಷ್ಯಾ ಖಂಡದ ನೆಲದಿಂದ ಕಂಡುಹಿಡಿಯಲಾದ ಮೊತ್ತಮೊದಲ ಕ್ಷುದ್ರಗ್ರಹವಿದು. 1861ರ ಏಪ್ರಿಲ್ 17ರಂದು, ಇಂದಿನ ಚೆನ್ನೈನ ನುಂಗಂಬಾಕ್ಕಂನಲ್ಲಿದ್ದ ಮದರಾಸು ವೀಕ್ಷಣಾಲಯದಲ್ಲಿ ಅದು ಪತ್ತೆಯಾಯಿತು.

ಅದನ್ನು ಕಂಡವರು ನಾರ್ಮನ್ ರಾಬರ್ಟ್ ಪಾಗ್ಸನ್ (1829–1891). ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಜನಿಸಿದ ಅವರು ಆಕ್ಸ್‌ಫರ್ಡ್‌ನಲ್ಲಿದ್ದಾಗಲೇ ಮೂರು ಕ್ಷುದ್ರಗ್ರಹಗಳನ್ನು ಗುರುತಿಸಿದ್ದರು. ನಕ್ಷತ್ರಗಳ ಕಾಂತಿಮಾನದಲ್ಲಿ ಒಂದು ದರ್ಜೆಯ ಅಂತರವೆಂದರೆ ಬೆಳಕಿನಲ್ಲಿ 2.512 ಪಟ್ಟು ವ್ಯತ್ಯಾಸ ಎಂಬ, ಇಂದಿಗೂ ಬಳಕೆಯಲ್ಲಿರುವ ಅಳತೆಯನ್ನು 1856ರಲ್ಲಿ ಸೂಚಿಸಿದವರೂ ಅವರೇ. 1861ರಲ್ಲಿ ಸರ್ಕಾರಿ ಖಗೋಳಜ್ಞರಾಗಿ ಮದರಾಸಿಗೆ ಬಂದವರು ಕೊನೆಯುಸಿರಿನವರೆಗೂ ಅಲ್ಲಿಯೇ ದುಡಿದರು.

ಛಾಯಾಚಿತ್ರದ ನೆರವಿನಿಂದ ಕ್ಷುದ್ರಗ್ರಹ ಹುಡುಕುವ ಕ್ರಮ ಆರಂಭವಾದುದು 1891ರಲ್ಲಿ. ಅದಕ್ಕೆ ಮುನ್ನ ಆಕಾಶದ ಒಂದು ಭಾಗದ ನಕ್ಷತ್ರಗಳನ್ನು ಕಣ್ಣಿನಿಂದಲೇ ನೋಡಿ ನಕ್ಷೆಯೊಡನೆ ಹೋಲಿಸಬೇಕಿತ್ತು. ನಕ್ಷೆಯಲ್ಲಿಲ್ಲದ ಚುಕ್ಕಿಯೊಂದು ಕಂಡು, ಅದು ನೆರೆಯ ತಾರೆಗಳ ನಡುವೆ ಸ್ಥಾನ ಬದಲಿಸಿದರೆ ಅದು ನಕ್ಷತ್ರವಲ್ಲವೆಂಬುದು ಖಚಿತವಾಗುತ್ತಿತ್ತು.

ಆ ಕಾಲದಲ್ಲಿ ಕ್ಷುದ್ರಗ್ರಹಗಳಿಗೆ ಪುರಾಣದ ಸ್ತ್ರೀ ನಾಮಗಳನ್ನಿಡುವುದು ವಾಡಿಕೆ. ಗ್ರೀಕ್ ಪುರಾಣದಲ್ಲಿ ಏಷ್ಯಾ ಎಂಬಾಕೆ ಓಷಿಯಾನಸ್‌ನ ಮಗಳು. ಹೀಗೆ ಒಂದೇ ಹೆಸರು ವಾಡಿಕೆಯನ್ನೂ ಪಾಲಿಸಿತು, ಶೋಧ ನಡೆದ ಖಂಡವನ್ನೂ ಸ್ಮರಿಸಿತು.

ಸುಮಾರು 60 ಕಿಲೋಮೀಟರ್ ವ್ಯಾಸದ ಈ ಸಿಲಿಕೇಟ್ ಶಿಲಾಕಾಯವು ಸೂರ್ಯನಿಂದ ಸರಾಸರಿ 2.42 ಖಗೋಳಮಾನ ದೂರದಲ್ಲಿದ್ದು, ಒಂದು ಪ್ರದಕ್ಷಿಣೆಗೆ 3.77 ವರ್ಷ ತೆಗೆದುಕೊಳ್ಳುತ್ತದೆ. ಇದು ಒಮ್ಮೆ ಸುತ್ತುವಷ್ಟರಲ್ಲಿ ಮಂಗಳ ಗ್ರಹವು ಹೆಚ್ಚುಕಡಿಮೆ ಎರಡು ಸುತ್ತು ಮುಗಿಸಿರುತ್ತದೆ.

ಪಾಗ್ಸನ್ ಮದರಾಸಿನಿಂದ ಮುಂದೆ ಸಾಫೋ (1864), ಸಿಲ್ವಿಯಾ (1866), ಕ್ಯಾಮಿಲ್ಲಾ (1868) ಮತ್ತು ವೆರಾ (1885) ಎಂಬ ಕ್ಷುದ್ರಗ್ರಹಗಳನ್ನೂ ಕಂಡುಹಿಡಿದರು. ಇವುಗಳಲ್ಲಿ ಸಿಲ್ವಿಯಾಗೆ ಎರಡು ಉಪಗ್ರಹಗಳಿರುವುದು 2005ರಲ್ಲಿ ಪ್ರಕಟವಾಯಿತು. ಎರಡು ಉಪಗ್ರಹಗಳುಳ್ಳ ಕ್ಷುದ್ರಗ್ರಹ ತಿಳಿದುಬಂದದ್ದು ಅದೇ ಮೊದಲು.

ಆದರೆ ವೀಕ್ಷಣಾಲಯವೆಂದರೆ ಒಬ್ಬರೇ ಅಲ್ಲ. ಅಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ 'ಆರ್ ರೆಟಿಕ್ಯುಲಿ' ಎಂಬ ಚರಕಾಂತಿ ನಕ್ಷತ್ರವನ್ನು ಗುರುತಿಸಿದರು. ಪಾಗ್ಸನ್ ಅವರ ಪುತ್ರಿ ಎಲಿಜಬೆತ್ ಐಸಿಸ್ ಪಾಗ್ಸನ್ 1873ರಿಂದ ಅಲ್ಲಿಯೇ ಸಹಾಯಕಿಯಾಗಿದ್ದರು. ತಂದೆ ಆಕ್ಸ್‌ಫರ್ಡ್‌ನಲ್ಲಿ ಕಂಡ 42ನೆಯ ಕ್ಷುದ್ರಗ್ರಹದ ಹೆಸರೂ ಐಸಿಸ್. ಆಕಾಶದಲ್ಲಿ ಆ ಹೆಸರಿಗೆ ಎಡೆ ದೊರೆತಿದ್ದರೂ, 1886ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಸದಸ್ಯತ್ವಕ್ಕೆ ಆಕೆಯ ಹೆಸರು ಸೂಚಿತವಾದಾಗ, ಮಹಿಳೆ ಎಂಬ ಕಾರಣಕ್ಕೆ ಅದು ಕೈಗೂಡಲಿಲ್ಲ. ಆ ಮನ್ನಣೆ ದೊರೆತದ್ದು 1920ರಲ್ಲಿ. ಶೋಧಕರ ಪಟ್ಟಿಯನ್ನು ಓದುವಾಗ ಇಂತಹ ಹೆಸರುಗಳನ್ನೂ ನಾವು ನೆನೆಯಬೇಕು.

ಮದರಾಸಿನ ಖಗೋಳ ಕಾರ್ಯ 1899ರಲ್ಲಿ ಕೊಡೈಕನಾಲಿಗೆ ಸ್ಥಳಾಂತರಗೊಂಡಿತು. ಆ ಪರಂಪರೆಯ ಇಂದಿನ ವಾರಸುದಾರ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಇದರ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ 1988ರಲ್ಲಿ ಕಂಡುಹಿಡಿದ 4130ನೆಯ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿದೆ. ನುಂಗಂಬಾಕ್ಕಂನ ಹವಾಮಾನ ಇಲಾಖೆಯ ಆವರಣದಲ್ಲಿ ಹಳೆಯ ವೀಕ್ಷಣಾಲಯದ ಕಲ್ಲುಕಂಬ ಇಂದಿಗೂ ನಿಂತಿದೆ. ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರು ಆ ದಾರಿಯಲ್ಲಿ ಸಾಗುವಾಗ, ಖಂಡವೊಂದರ ಹೆಸರು ಆಕಾಶಕ್ಕೇರಿದ್ದು ಇಲ್ಲಿಂದಲೇ ಎಂಬುದನ್ನು ನೆನೆಯಲಿ ಎಂಬುದು ನಮ್ಮ ಆಶಯ.