ಎರಡು ಲೋಹದ ಕಡ್ಡಿಗಳು



ಬಹುಕಾಲದ ಕೀಲುನೋವಿನಿಂದ ನರಳುವವನ ಮನೆಗೆ ಬಂದ ನೆಂಟರಲ್ಲಿ ಒಂದು ಮದ್ದನ್ನು ಹೇಳದೆ ಹಿಂದಿರುಗುವವರು ವಿರಳ. “ನಮ್ಮ ಸೋದರಮಾವನಿಗೆ ಇದರಿಂದಲೇ ಗುಣವಾಯಿತು” ಎಂಬ ಮಾತು ಸುಳ್ಳಾಗಿರಬೇಕೆಂದಿಲ್ಲ. ಆದರೆ ಸೋದರಮಾವನಿಗೆ ಗುಣವಾದದ್ದು ಒಂದು ಸಂಗತಿ. ಆ ಮದ್ದಿನಿಂದಲೇ ಆಯಿತೆಂಬುದು ಬೇರೊಂದು ಸಂಗತಿ. ಇವೆರಡರ ಅಂತರವನ್ನು ತೋರಿಸಿಕೊಟ್ಟ ಒಂದು ಹಳೆಯ ಪ್ರಸಂಗವನ್ನು ಇಲ್ಲಿ ನಿರೂಪಿಸುತ್ತೇನೆ.

ಅಮೆರಿಕದ ಕನೆಕ್ಟಿಕಟ್ ಪ್ರಾಂತದ ವೈದ್ಯನಾದ ಎಲಿಷಾ ಪರ್ಕಿನ್ಸ್ ಎಂಬಾತನು 1796ರಲ್ಲಿ ಒಂದು ಜೊತೆ ಲೋಹದ ಕಡ್ಡಿಗಳಿಗೆ ಪೇಟೆಂಟು ಪಡೆದನು. ಅವು ಸುಮಾರು ಮೂರು ಅಂಗುಲ ಉದ್ದದವು. ಒಂದು ತುದಿ ಚೂಪು. ನೋಯುವ ಅಂಗದ ಮೇಲೆ ಇವನ್ನು ಎಳೆದರೆ ನೋವಿಗೆ ಮೂಲವಾದ ವಿದ್ಯುತ್ತು ಹೊರಕ್ಕೆ ಸೆಳೆಯಲ್ಪಡುವುದೆಂದು ಅವನ ವಾದ. ಲೋಹ ಸೋಕಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಗ್ಯಾಲ್ವಾನಿಯು 1791ರಲ್ಲಿ ಪ್ರಕಟಿಸಿದ್ದ ಕಾಲವದು. ಆದುದರಿಂದ ಈ ವಾದವು ವಿದ್ಯಾವಂತರಿಗೂ ಸಂಭಾವ್ಯವೆಂದೇ ತೋರಿತು. ಪ್ರಾಂತದ ವೈದ್ಯಸಂಘವು ಅವನನ್ನು ಹೊರಹಾಕಿತಾದರೂ ಕಡ್ಡಿಗಳ ಕೀರ್ತಿ ಕುಗ್ಗಲಿಲ್ಲ. ಅವನ ಮಗ ಬೆಂಜಮಿನನು ಲಂಡನ್ನಿನಲ್ಲಿ ಜೊತೆಯೊಂದಕ್ಕೆ ಐದು ಗಿನಿಗಳಂತೆ ಅವನ್ನು ಮಾರಿದನು. ಪಾದ್ರಿಗಳೂ ಪಂಡಿತರೂ ಪ್ರಶಂಸಾಪತ್ರಗಳನ್ನು ಬರೆದುಕೊಟ್ಟರು.

ಆಗ ಇಂಗ್ಲೆಂಡಿನ ಬಾತ್ ನಗರದಲ್ಲಿದ್ದ ಜಾನ್ ಹೇಗಾರ್ತ್ ಎಂಬ ವೈದ್ಯನು ವಾಗ್ವಾದಕ್ಕಿಳಿಯಲಿಲ್ಲ. ಮರದಿಂದ ಅದೇ ಆಕಾರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣುವ ಬಣ್ಣ ಬಳಿಸಿದನು. 1799ರ ಜನವರಿಯಲ್ಲಿ ಅಲ್ಲಿಯ ಆಸ್ಪತ್ರೆಯ ಐವರು ದೀರ್ಘರೋಗಿಗಳ ಮೇಲೆ ಅವನ್ನು ಎಳೆಯಲಾಯಿತು. ನಾಲ್ವರು ನೋವು ತಗ್ಗಿತೆಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳನ್ನು ಪ್ರಯೋಗಿಸಿದಾಗಲೂ ಫಲವು ಹೆಚ್ಚುಕಡಿಮೆ ಅಷ್ಟೇ. ಈ ವೃತ್ತಾಂತವನ್ನು ಅವನು 1800ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

ಆ ನಾಲ್ವರು ಸುಳ್ಳುಗಾರರಲ್ಲ. ನಿರೀಕ್ಷೆಯೂ ವೈದ್ಯನ ಆರೈಕೆಯೂ ನೋವಿನ ಅನುಭವವನ್ನು ತಗ್ಗಿಸಬಲ್ಲವು. ಇದಲ್ಲದೆ ದೀರ್ಘವ್ಯಾಧಿಗೆ ಏರಿಳಿತ ಸಹಜ. ನೋವು ಮಿತಿಮೀರಿದಾಗಲೇ ನಾವು ಹೊಸ ಮದ್ದನ್ನು ಹುಡುಕುತ್ತೇವೆ. ಬಳಿಕ ಅದು ತಾನಾಗಿ ಇಳಿದರೂ ಯಶಸ್ಸು ಮದ್ದಿನ ಪಾಲಾಗುತ್ತದೆ.

ಪರ್ಕಿನ್ಸನು ಕೇವಲ ವಂಚಕನಾಗಿದ್ದನೆನ್ನಲಾಗದು. 1799ರಲ್ಲಿ ನ್ಯೂಯಾರ್ಕಿನಲ್ಲಿ ಪೀತಜ್ವರ ಹಬ್ಬಿದಾಗ, ತಾನು ಕಲ್ಪಿಸಿದ ಇನ್ನೊಂದು ಔಷಧವನ್ನು ಪರೀಕ್ಷಿಸಲು ಸ್ವತಃ ಅಲ್ಲಿಗೆ ಹೋದನು. ಅದೇ ಜ್ವರಕ್ಕೆ ತುತ್ತಾಗಿ ಮಡಿದನು. ನಂಬಿಕೆಯು ನೋವನ್ನು ಮರೆಸೀತು, ಜ್ವರವನ್ನು ತಡೆಯಲಾರದು.

ಇಂದು ಕಡ್ಡಿಗಳ ಸ್ಥಾನದಲ್ಲಿ ಪುಡಿಗಳೂ ಗುಳಿಗೆಗಳೂ ಕಷಾಯಗಳೂ ಬಂದಿವೆ. ಅವನ್ನೆಲ್ಲ ನಿರಾಕರಿಸಬೇಕೆಂದಲ್ಲ; ಪ್ರಾಚೀನವಾಗಲಿ ನವೀನವಾಗಲಿ, ಎಲ್ಲಕ್ಕೂ ಒಂದೇ ಒರೆಗಲ್ಲಿರಲಿ. “ಎಷ್ಟು ಮಂದಿಗೆ ಗುಣವಾಯಿತು?” ಎಂದಷ್ಟೇ ಕೇಳಿದರೆ ಸಾಲದು; “ಮರದ ಕಡ್ಡಿಯಿಂದ ಎಷ್ಟು ಮಂದಿಗೆ ಗುಣವಾಗುತ್ತಿತ್ತು?” ಎಂದೂ ಕೇಳಬೇಕು. ಉತ್ತರ ದೊರೆಯುವವರೆಗೆ, ವೈದ್ಯರು ಕೊಟ್ಟ ಔಷಧವನ್ನು ನಾವಾಗಿ ನಿಲ್ಲಿಸದಿರುವುದೂ, ಹೊಸದಾಗಿ ಸೇವಿಸುವುದನ್ನು ಅವರಿಂದ ಮರೆಮಾಚದಿರುವುದೂ ವಿವೇಕ. ಐದು ಗಿನಿ ಹೋದರೆ ಮತ್ತೆ ಗಳಿಸಬಹುದು. ಚಿಕಿತ್ಸೆಯ ಕಾಲ ಮೀರಿದರೆ ಅದನ್ನು ಮರಳಿ ಪಡೆಯಲಾಗದು.